ಜೇನಕ್ಕನ ಪಿಕಪ್ಪಿಗೆ ಹೊಸ ಟೈರು

ಟಾರು ರಸ್ತೆ ಮುಗಿದು ಹೊಲದ ದಾರಿ ಶುರುವಾಗುವ ಕಡೆ ಎಲ್ಲ ಗಾಡಿಗಳಿಗೂ ಪರೀಕ್ಷೆ. ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಕೆಸರು. ಆ ಬೆಳಿಗ್ಗೆ ಅಲ್ಲಿ ಹೂತುಕೊಂಡದ್ದು ಜೇನಕ್ಕನ ಪಿಕಪ್.

ಜೇನು ಸಾಕುವುದು ಅವಳ ಕಸುಬು. ಹಾಗಾಗಿ ಊರಿಗೆಲ್ಲ ಅವಳು ಜೇನಕ್ಕ. ಸೂರ್ಯಕಾಂತಿ ಅರಳುವ ಹೊತ್ತಿಗೆ ಹೊಲದವರು ಅವಳನ್ನು ಕರೆಯುತ್ತಾರೆ. ಜೇನುಪೆಟ್ಟಿಗೆಗಳನ್ನು ಹೊಲದ ಬದಿಗೆ ಇಟ್ಟರೆ ಹುಳುಗಳಿಗೆ ಮಕರಂದ, ಹೊಲಕ್ಕೆ ಒಳ್ಳೆಯ ಕಾಳು. ಆದರೆ ಗಾಡಿ ಬಿಸಿಲೇರುವ ಮುನ್ನ ಹೊಲ ಮುಟ್ಟಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಸೆಕೆಯಾದರೆ ಹುಳುಗಳು ಉಳಿಯುವುದಿಲ್ಲ.

ಅವತ್ತು ಹಿಂದಿನ ಚಕ್ರಗಳು ಕೆಸರಿನಲ್ಲಿ ನಿಂತಲ್ಲೇ ತಿರುಗಿದವು. ಅವಳ ಗಂಡ ಬಡಗಿ, ಪೆಟ್ಟಿಗೆಗಳನ್ನು ಮಾಡಿದವನೂ ಅವನೇ. ಹಿಂದಿನಿಂದ ತಳ್ಳಲು ಹೋಗಿ ಅಡಿಯಿಂದ ಮುಡಿಯವರೆಗೆ ಕೆಸರು ಬಳಿಸಿಕೊಂಡ. ಕೊನೆಗೆ ಹೊಲದ ಯಜಮಾನ ಟ್ರ್ಯಾಕ್ಟರು ತಂದು ಎಳೆದ. ಅಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ಒಂದು ಪೆಟ್ಟಿಗೆಯ ಹುಳುಗಳು ಅರ್ಧಕ್ಕರ್ಧ ಸತ್ತಿದ್ದವು. ಜೇನಕ್ಕ ಮುಚ್ಚಳ ತೆಗೆದು ನೋಡಿ, ಬದುವಿನ ಮೇಲೆ ಕೂತಳು.

"ಮುಂದಿನ ವಾರ ಮೇಲಿನ ಹೊಲ ಅರಳುತ್ತೆ," ಎಂದ ಯಜಮಾನ. "ಅಲ್ಲಿಗೂ ಪೆಟ್ಟಿಗೆ ಬೇಕಮ್ಮ. ಆ ದಾರಿ ಇದಕ್ಕಿಂತ ಕೆಟ್ಟದು."

ಮನೆಗೆ ಬಂದು ಬಡಗಿ ಮೈ ತೊಳೆದುಕೊಳ್ಳುತ್ತಲೇ ತೀರ್ಮಾನ ಹೇಳಿದ. "ಅಂಗಡೀಲಿ ಇರೋದ್ರಲ್ಲೇ ದೊಡ್ಡ ಟೈರ್ ಹಾಕಿಸೋಣ. ಆನೆ ಕಾಲಿನ ಥರ ಇರಬೇಕು."

"ಇರೋ ಟೈರಿಗೆ ಏನಾಗಿದೆಯೋ?" ಎಂದರು ಅವನ ಅಮ್ಮ.

"ಬೋಳಾಗಿದೆ ಅಮ್ಮ. ಅಪ್ಪನ ತಲೆ ಥರ."

"ಆ ತಲೆ ನಂಬ್ಕೊಂಡೇ ಇಷ್ಟು ದೂರ ಬಂದಿದೀವಿ, ಸುಮ್ನಿರು," ಎಂದು ಅವರು ನಕ್ಕರು. "ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತಾರೆ. ಚಕ್ರಕ್ಕೂ ಆ ಮಾತು ಸಲ್ಲುತ್ತೆ."

ಜೇನಕ್ಕನಿಗೂ ಅನುಮಾನವಿತ್ತು. ಅವಳು ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿದಳು. ಆ ಅಕ್ಕ ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಕಲಿಯಲು ಬಂದವರಿಗೆಲ್ಲ "ಬ್ರೇಕು, ಬ್ರೇಕು" ಎಂದು ಹೇಳಿ ಹೇಳಿ ಅವಳ ಹೆಸರೇ ಬ್ರೇಕಕ್ಕ ಆಗಿಹೋಗಿದೆ.

ಮಾರನೆಯ ದಿನ ಎಲ್ಲರೂ ಟೈರ್ ಅಂಗಡಿಯಲ್ಲಿ ಸೇರಿದರು. ಅತ್ತೆಯವರೂ ಬಿಡದೆ ಹೊರಟು ಬಂದಿದ್ದರು. ಬಡಗಿ ಆಗಲೇ ತೊಡೆಯೆತ್ತರದ ಒಂದು ಟೈರನ್ನು ತಬ್ಬಿಕೊಂಡು ನಿಂತಿದ್ದ.

"ಬಡಗಿಯೋರೇ, ಚೌಕಟ್ಟಿಗಿಂತ ದೊಡ್ಡ ಬಾಗಿಲು ಮಾಡ್ತೀರಾ?" ಎಂದು ಕೇಳಿದಳು ಬ್ರೇಕಕ್ಕ.

"ಮಾಡಿದ್ರೆ ಮುಚ್ಚೋದೇ ಇಲ್ವಲ್ಲ ಅತ್ತಿಗೆ."

"ಇದೂ ಅಷ್ಟೇ. ನಂಬಿಕೆ ಇಲ್ದಿದ್ರೆ ಮುಂದಿನ ಎರಡು ಚಕ್ರಕ್ಕೆ ಹಾಕಿಸಿ ನೋಡಿ."

ಅಂಗಡಿಯವನು ಹಾಕಿ, ಜ್ಯಾಕ್ ಇಳಿಸಿದ. ಜೇನಕ್ಕ ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದಳು. ಕರಕರ ಎಂದು ಟೈರು ಮಡ್‌ಗಾರ್ಡಿಗೆ ಉಜ್ಜಿತು. ಎಡಕ್ಕೆ ತಿರುಗಿಸಿದಳು. ಅಲ್ಲೂ ಅದೇ ಹಾಡು.

"ಸ್ವಲ್ಪ ತಾನೇ ತಾಗೋದು," ಎಂದ ಬಡಗಿ, ದನಿ ತಗ್ಗಿಸಿ.

"ಭಾರ ಹೊತ್ತು ಗುಂಡಿಗೆ ಇಳಿದಾಗ ಆ ಸ್ವಲ್ಪಾನೇ ಟೈರನ್ನ ಕೊಯ್ಯುತ್ತೆ. ತಿರುವಲ್ಲಿ ಸ್ಟೀರಿಂಗ್ ಪೂರ್ತಿ ತಿರುಗದಿದ್ರೆ ಗಾಡಿ ಎಲ್ಲಿಗೆ ಹೋಗುತ್ತೆ ಹೇಳಿ. ಇನ್ನೊಂದು ವಿಷಯ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ. ಮೀಟರಿಗೆ ಅದು ಗೊತ್ತಾಗಲ್ಲ. ಮುಳ್ಳು ಐವತ್ತು ತೋರಿಸ್ತಿದ್ರೂ ಗಾಡಿ ಅದಕ್ಕಿಂತ ಜೋರಾಗಿ ಓಡ್ತಿರುತ್ತೆ. ನಿಲ್ಲಿಸೋಕೆ ಜಾಸ್ತಿ ಜಾಗ ಬೇಕು, ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ."

"ಹಾಗಾದ್ರೆ ದೊಡ್ಡದು ಬೇಡವೇ ಬೇಡವಾ ಅಕ್ಕ?" ಎಂದಳು ಜೇನಕ್ಕ. "ಮೇಲಿನ ಹೊಲಕ್ಕೆ ನಾನು ಹೋಗಲೇಬೇಕು."

"ಬೇಕು. ನಿನ್ನ ದಾರಿಗೆ ಅದು ಸರಿಯೇ. ಆದ್ರೆ ಎಷ್ಟು ದೊಡ್ಡದು ಅಂತ ಗಾಡಿಯನ್ನ ಕೇಳಬೇಕು, ಗಂಡನ್ನಲ್ಲ."

ಅತ್ತೆಯವರು ಸೊಸೆಯ ಭುಜ ತಟ್ಟಿ ನಕ್ಕರು. ಅಂಗಡಿಯವನು ಗಾಡಿಯ ಕೈಪಿಡಿ ತೆರೆದು ನೋಡಿದ. ಹಳೆಯದಕ್ಕಿಂತ ಒಂದು ಮಟ್ಟ ದೊಡ್ಡ ಸೈಜನ್ನು ಕಂಪನಿ ಒಪ್ಪಿತ್ತು. ಆ ಸೈಜಿನಲ್ಲಿ ಆಲ್ ಟೆರೇನ್ ಟೈರುಗಳಿದ್ದವು. ಟಾರು ರಸ್ತೆಗೂ ಮಣ್ಣಿನ ದಾರಿಗೂ ಆಗುವಂಥವು, ಗ್ರಿಪ್ ಆಳವಾಗಿ, ಅಂಚಿನವರೆಗೂ ಇತ್ತು. ಟೈರಿನ ಪಕ್ಕೆಯ ಮೇಲೆ ಅದು ಹೊರಬಲ್ಲ ಭಾರಕ್ಕೊಂದು ಸಂಖ್ಯೆ ಇರುತ್ತದೆ. ಅದು ಹಳೆಯ ಟೈರಿನದಕ್ಕಿಂತ ಕಡಿಮೆ ಇಲ್ಲವೆಂದು ಬ್ರೇಕಕ್ಕ ಕೂತು ಓದಿ ನೋಡಿದಳು.

ನಾಲ್ಕೂ ಹಾಕಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಸಲೀಸಾಗಿ ತಿರುಗಿತು. ಎಲ್ಲೂ ತಾಗಲಿಲ್ಲ.

"ಈಗ ಭಾರ ಹಾಕಿ ನೋಡ್ಬೇಕು," ಎಂದಳು ಬ್ರೇಕಕ್ಕ.

ಮೇಲಿನ ಹೊಲಕ್ಕೆ ಒಯ್ಯಬೇಕಾದ ಪೆಟ್ಟಿಗೆಗಳು ಮನೆಯಲ್ಲಿದ್ದವು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿಯೇಬಿಟ್ಟರು. "ತೂಕ ಇಳಿಸು ಅಂತ ಡಾಕ್ಟ್ರು ಹೇಳ್ತಾನೇ ಇದ್ರು. ಇಳಿಸದೇ ಇದ್ದದ್ದು ಇವತ್ತು ಕೆಲ್ಸಕ್ಕೆ ಬಂತು ನೋಡಿ."

ಪಕ್ಕದ ದರ್ಜಿ ಹತ್ತಿದ. ಎದುರು ಅಂಗಡಿಯ ಕ್ಷೌರಿಕ ಕೈಯಲ್ಲಿ ಬಾಚಣಿಗೆ ಹಿಡಿದೇ ಹತ್ತಿದ. ಅರ್ಧ ಕ್ಷೌರವಾಗಿದ್ದ ಗಿರಾಕಿ, ಬಿಳಿ ಬಟ್ಟೆ ಹೊದ್ದುಕೊಂಡೇ ಹಿಂದಿನಿಂದ ಬಂದ. ರಸ್ತೆಯಲ್ಲಿ ಹೋಗುವವರೂ ನಿಂತು, ವಿಷಯ ಕೇಳಿ, ನಗುತ್ತಾ ಹತ್ತಿದರು. ಬಡಗಿ ನೆಲದ ಮೇಲೆ ಮಲಗಿ, ಹಿಂದಿನ ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಜಾಗವಿದೆಯೇ ಎಂದು ತಾನೇ ಇಣುಕಿದ.

"ನನ್ನ ಅಂಗೈ ಆರಾಮಾಗಿ ತೂರುತ್ತೆ," ಎಂದ. "ಅತ್ತಿಗೆ, ನೀವು ಹೇಳಿದ್ದೇ ಸರಿ. ಇದೇ ನಮ್ಮ ಚೌಕಟ್ಟಿಗೆ ಬಾಗಿಲು."

"ಸ್ಟೆಪ್ನಿನೂ ಇದೇ ಸೈಜಿಂದು ತಗೊಳ್ಳಿ," ಎಂದಳು ಬ್ರೇಕಕ್ಕ. "ನಾಲ್ಕು ಒಂದು ಥರ, ಐದನೇದು ಇನ್ನೊಂದು ಥರ ಆದ್ರೆ ಪಂಕ್ಚರ್ ಆದ ದಿನ ಫಜೀತಿ."

ವಾರ ಕಳೆಯಿತು. ಹೊರಡುವ ಹಿಂದಿನ ಸಂಜೆ ಜೋರು ಮಳೆ. ಬೆಳಕು ಮೂಡುವಾಗ ಜೇನಕ್ಕ ಟೈರುಗಳ ಗಾಳಿ ಪರೀಕ್ಷಿಸಿ, ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿದು, ಗಾಡಿ ಹೊರಡಿಸಿದಳು. ಮೇಲಿನ ಹೊಲದ ತಿರುವಿನಲ್ಲಿ ಕೆಸರು ಹಳ್ಳದಂತಿತ್ತು. ಅವಳು ವೇಗ ಇಳಿಸಿ, ಮೊದಲನೇ ಗೇರಿನಲ್ಲಿ, ನಿಧಾನವಾಗಿ ಗಾಡಿಯನ್ನು ಕೆಸರಿಗೆ ಬಿಟ್ಟಳು. ಪಕ್ಕದಲ್ಲಿ ಬಡಗಿ ಕಿಟಕಿಯಿಂದ ತಲೆ ಹೊರಹಾಕಿ ಚಕ್ರವನ್ನೇ ನೋಡುತ್ತಿದ್ದ. ಚಕ್ರ ಒಮ್ಮೆ ಜಾರಿತು, ಮತ್ತೆ ಮಣ್ಣು ಕಚ್ಚಿತು, ಗಾಡಿ ಮೇಲೇರಿತು.

ಪೆಟ್ಟಿಗೆಗಳನ್ನಿಳಿಸಿ ಅವುಗಳ ಪುಟ್ಟ ಬಾಗಿಲು ತೆಗೆದಾಗ ಎಳೆಬಿಸಿಲು ಆಗತಾನೇ ಹೂವಿಗೆ ತಾಗುತ್ತಿತ್ತು. ಹುಳುಗಳು ಒಂದೊಂದಾಗಿ ಹೊರಬಂದು, ಗಾಳಿಯಲ್ಲಿ ಸುತ್ತಿ, ಹಳದಿ ಹೊಲದೊಳಗೆ ಮಾಯವಾದವು. ಸ್ವಲ್ಪ ಹೊತ್ತಿಗೆ ಹೊಲವಿಡೀ ಗುಂಯ್‌ಗುಡತೊಡಗಿತು. ಜೇನಕ್ಕ ನಿಂತು ಕೇಳಿದಳು. ಅವಳ ಮುಖದಲ್ಲಿನ ಗೆಲುವು ನೋಡಿ ಗಂಡನೂ ಬಂದು ಪಕ್ಕದಲ್ಲಿ ನಿಂತ.

ಪಿಕಪ್ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ದಾರಿಯೂ ಕಲ್ಲು ಕೆಸರಿನದಾಗಿದ್ದರೆ ದೊಡ್ಡ ಟೈರು ಹಾಕಿಸಿ, ಖುಷಿಯಾಗಿ ಹಾಕಿಸಿ. ಕೊಳ್ಳುವ ಮುನ್ನ ಗಾಡಿಯ ಕೈಪಿಡಿ ನೋಡಿ, ಭಾರದ ಸಂಖ್ಯೆ ಓದಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಭಾರ ಹಾಕಿಯೂ ನೋಡಿ. ಎಷ್ಟು ಗಾಳಿ ತುಂಬಬೇಕೆಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಹಾಕಿಸಿ ಕೆಲವು ದಿನಗಳಾದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ರಸ್ತೆಯಲ್ಲಿ ಮುಂದಿನ ಗಾಡಿಯಿಂದ ಮೊದಲಿಗಿಂತ ದೂರವಿರಿ. ನೀವು ಹೊತ್ತು ಸಾಗಿಸುವುದು ಏನೇ ಇರಲಿ, ಅದೂ ನೀವೂ ಕ್ಷೇಮವಾಗಿ ಊರು ಮುಟ್ಟಬೇಕು.