ಸೋತ ದಂಡನಾಯಕನ ಮುಖ

ತೀರಿಕೊಂಡ ಅಪ್ಪನ ಉಗುರಿನ ಸಂದಿಯಲ್ಲಿದ್ದ ಮೇಣ ಎಷ್ಟು ಕೆರೆದರೂ ಬರುತ್ತಿರಲಿಲ್ಲ. ಮಗಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಬೆರಳನ್ನು ಉಜ್ಜಿದಳು. ವಸ್ತುಸಂಗ್ರಹಾಲಯಕ್ಕೆ ಮೇಣದ ಗೊಂಬೆ ಮಾಡುವ ಕೆಲಸದಿಂದ ನಿವೃತ್ತನಾಗಿ ವರ್ಷಗಳೇ ಕಳೆದಿದ್ದವನ ಕೈಗೆ ಹೊಸ ಮೇಣ ಎಲ್ಲಿಂದ ಮೆತ್ತಿಕೊಂಡಿತೋ ಅವಳಿಗೆ ತಿಳಿಯಲಿಲ್ಲ.

"ಬಿಡೇ, ಇರ್ಲಿ," ಎಂದಳು ಅಮ್ಮ. "ಮದುವೆ ದಿನಾನೂ ಹೀಗೇ ಬಂದು ಕೂತಿದ್ರು."

ಗಾಳಿಗೆ ಮುಂಬಾಗಿಲು ಬಡಿದುಕೊಳ್ಳುತ್ತಿತ್ತು. ಚಿಕ್ಕಪ್ಪ ಚಿಲಕ ಹಾಕಲು ಎದ್ದ.

"ಚಿಲಕ ಬೇಡ. ಅವನು ಬಂದ್ರೆ?" ಎಂದಳು ಅಮ್ಮ.

ಚಿಕ್ಕಪ್ಪ ಮತ್ತೆ ಕೂತ. ಮಗಳ ಅಣ್ಣ ಯುದ್ಧಕ್ಕೆ ಹೋಗಿ ನಾಪತ್ತೆಯಾಗಿ ಅದೆಷ್ಟು ಕಾಲವಾಯಿತೋ, ಅಂದಿನಿಂದ ಆ ಬಾಗಿಲಿಗೆ ಚಿಲಕವಿಲ್ಲ. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅಮ್ಮ ಕಾಯುತ್ತಲೇ ಇದ್ದಳು.

ಅಷ್ಟರಲ್ಲಿ ವಸ್ತುಸಂಗ್ರಹಾಲಯದ ಕಾವಲುಗಾರ ಬಂದ. "ಅಮ್ಮಾ, ಯುದ್ಧದ ಕೋಣೆ ಪೂರ್ತಿ ಅವರ ಕೈಯಿಂದಾನೇ ಆಗಿದ್ದು. ಅವರನ್ನ ಅಲ್ಲೂ ಸ್ವಲ್ಪ ಹೊತ್ತು ಇಟ್ಟು ಹೋಗೋಣ ಅಂತ ಎಲ್ಲರ ಆಸೆ."

ಮಗ ಹೋದಮೇಲೆ ಅಮ್ಮ ಅತ್ತ ಕಾಲಿಟ್ಟವಳಲ್ಲ. ಆದರೂ, "ಆಗ್ಲಿ," ಎಂದಳು.

ಕಾವಲುಗಾರ ಮಗಳನ್ನು ಪಕ್ಕಕ್ಕೆ ಕರೆದ. "ಮೇಷ್ಟ್ರು ಮೊನ್ನೆ ತಾನೇ ಬಂದಿದ್ರು. ಅಲ್ಲಿರೋ ದಂಡನಾಯಕರಿಬ್ಬರ ಹುಟ್ಟಿದಹಬ್ಬ ಅಲ್ವಾ, ಯಾವ ವರ್ಷವೂ ತಪ್ಪಿಸಿದವರಲ್ಲ. ಸೋತವನ ಮುಖ ಒಂಚೂರು ತಿದ್ದಿ ಹೋಗೋರು. ಸತ್ತು ಮಣ್ಣಾದವನಿಗೂ ವಯಸ್ಸಾಗುತ್ತಾ ಮೇಷ್ಟ್ರೇ ಅಂತ ರೇಗಿಸ್ತಿದ್ದೆ. ನಗ್ತಿದ್ರು ಅಷ್ಟೇ."

ಮಗಳು ಅಪ್ಪನ ಉಗುರಿನ ಕಡೆ ನೋಡಿದಳು. "ನಾನು ಮುಂದೆ ಹೋಗಿರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

*

ಅದು ಅಪ್ಪನ ಮೆಚ್ಚಿನ ಕತೆ. ಹಳೆಯ ಕಾಲದ ಇಬ್ಬರು ದಂಡನಾಯಕರು ಹುಟ್ಟಿದ್ದು ಒಂದೇ ದಿನ. ಸಾಲದ್ದಕ್ಕೆ ಒಂದೇ ಬಯಲಿನಲ್ಲಿ ಎದುರುಬದುರು ನಿಂತು ಕಾದಾಡಿದವರು. ಗೆದ್ದವನ ಚಿತ್ರಗಳು ಬೇಕಾದಷ್ಟಿದ್ದವು. ಸೋತವನ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಆ ಗೊಂಬೆಗೆ ಶಿರಸ್ತ್ರಾಣದ ಮುಖಮುಚ್ಚಳ ಇಳಿಬಿಟ್ಟು ಅಪ್ಪ ಕೈತೊಳೆದುಕೊಂಡಿದ್ದ.

ಅಣ್ಣ ಹುಟ್ಟಿದ್ದೂ ಅದೇ ದಿನವೇ. ಊಟಕ್ಕೆ ಕೂತಾಗಲೆಲ್ಲ ಅಪ್ಪ, "ಮೂರನೇ ದಂಡನಾಯಕರೇ, ಇನ್ನೊಂದು ತುತ್ತು?" ಎನ್ನುತ್ತಿದ್ದ. ಅಣ್ಣ ಎದೆಯುಬ್ಬಿಸಿ ಕೂರುತ್ತಿದ್ದ. ಮೀಸೆ ಚಿಗುರಿದ ವರ್ಷ ಸೈನ್ಯಕ್ಕೆ ಹೆಸರು ಕೊಟ್ಟು ಬಂದಾಗ ಬೆನ್ನು ತಟ್ಟಿದವನೂ ಅಪ್ಪನೇ.

ನಾಪತ್ತೆಯೆಂದು ತಿಳಿದ ದಿನ ಅಮ್ಮ ಗಂಡನ ಮುಖಕ್ಕೆ ಹೊಡೆದಂತೆ ಹೇಳಿದ್ದಳು: "ಅವನ ತಲೆ ತುಂಬಿದ್ದು ನೀವೇ." ಆಮೇಲೆ ಆ ಮನೆಯಲ್ಲಿ ಗಂಡಹೆಂಡಿರು ಮಗನ ಹೆಸರೆತ್ತಿ ಮಾತಾಡಿದ್ದೇ ಇಲ್ಲ.

*

ಯುದ್ಧದ ಕೋಣೆಯಲ್ಲಿ ಸೋತವನ ಮುಖಮುಚ್ಚಳ ಮೇಲೆದ್ದಿತ್ತು. ಒಳಗಿದ್ದವನು ಅಣ್ಣ.

ಅದೇ ಅಗಲ ಹಣೆ, ಅದೇ ಸೊಟ್ಟ ಮೂಗು. ಆದರೆ ಮೀಸೆ ನರೆತಿತ್ತು, ಕಣ್ಣಿನ ಕೆಳಗೆ ಚೀಲ ಇಳಿದಿತ್ತು. ವರ್ಷ ವರ್ಷವೂ ಅಪ್ಪ ಬಂದು ಅವನಿಗೊಂದು ವರ್ಷ ತುಂಬಿಸಿ ಹೋಗಿದ್ದ. ಮಗಳಿಗೆ ಅಳು ಒತ್ತರಿಸಿ ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬಾಗಿಲು ತೆರೆದಿಟ್ಟು ಕಾದವಳು ಮಗನನ್ನು ಈ ಸತ್ತವರ ಸಾಲಿನಲ್ಲಿ ಕಂಡರೆ ಬದುಕಿಯಾಳೇ?

"ಒಂದು ದುಪ್ಪಟಿ ಕೊಡಿ, ಬೇಗ!" ಎಂದು ಹಿಂದೆಯೇ ಬಂದಿದ್ದ ಕಾವಲುಗಾರನಿಗೆ ಕೂಗಿದಳು.

ಮುಸುಕು ಹಾಕುವಷ್ಟರಲ್ಲಿ ಪೆಟ್ಟಿಗೆ ಹೊತ್ತವರು ಒಳಬಂದರು. ಹಿಂದೆಯೇ ಅಮ್ಮ. ಗಂಡನನ್ನು ಇಳಿಸುವುದನ್ನು ನೋಡಿದಳು, ಆಮೇಲೆ ತಲೆಯೆತ್ತಿದಳು.

"ಅದ್ಯಾರೇ, ಮುಸುಕು ಹಾಕ್ಕೊಂಡಿರೋದು?"

"ಸೋತವನಮ್ಮಾ. ಬಣ್ಣ ಒಣಗಿಲ್ಲ, ಈ ಕಡೆ ಬಾ."

ಅಮ್ಮ ಬರಲಿಲ್ಲ. ದುಪ್ಪಟಿ ಹಿಡಿದು ಎಳೆದಳು. ಮಗಳು ಅವಳ ತೋಳು ಹಿಡಿದುಕೊಂಡಳು, ಈಗ ಬೀಳುತ್ತಾಳೆ, ಈಗ ಕೂಗುತ್ತಾಳೆ ಎಂದು. ಅಮ್ಮ ಬೀಳಲಿಲ್ಲ, ಕೂಗಲೂ ಇಲ್ಲ.

"ನನ್ನ ಬಿಟ್ಟು ಒಬ್ಬರೇ ಇವನ್ನ ಬೆಳೆಸಿಬಿಟ್ರಲ್ಲೇ," ಎಂದಳು.

"ಹೊರಡೋಣ್ವಾ?" ಎಂದು ಚಿಕ್ಕಪ್ಪ ಮೆಲ್ಲಗೆ ಕೇಳಿದ. ಪೆಟ್ಟಿಗೆ ಮತ್ತೆ ಹೆಗಲೇರಿತು. ಅಮ್ಮ ತಿರುಗಿ ನೋಡಲಿಲ್ಲ. ಗೊಂಬೆಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಹಣೆಯ ಗೆರೆಯೊಂದರ ಮೇಲೆ ಹೆಬ್ಬೆರಳು ಒತ್ತಿ ಸವರುತ್ತಿದ್ದಳು. ಆ ಗೆರೆ ಮಾಯವಾದಾಗ ಹೆಬ್ಬೆರಳು ಮುಂದಿನದಕ್ಕೆ ಸರಿಯಿತು.