ಮಣಲಿಯ ಹೊಗೆ, ಕಡಲಿನ ಗಾಳಿ

ಗಾಳಿಯ ವಿಷಯಕ್ಕೆ ಬಂದರೆ ಕಮಲಾಕರ ಅವರಿಗೆ ಎದುರಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ರೈಲ್ವೆಯಲ್ಲಿ ಮೂವತ್ತಾರು ವರ್ಷ ಗಾರ್ಡ್ ಆಗಿ, ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು, ಊರೂರಿನ ಗಾಳಿಯನ್ನು ಮುಖಕ್ಕೆ ಹೊಡೆಸಿಕೊಂಡವರು. ನಿವೃತ್ತರಾದ ಮೇಲೆ ಅಡ್ಯಾರಿನ ಮನೆಯ ತಾರಸಿಯಲ್ಲಿ ಎರಡು ಉಷ್ಣಮಾಪಕ ಕಟ್ಟಿ, ಹಜಾರದ ಗೋಡೆಗೆ ಗಾಳಿಯ ಒತ್ತಡ ಅಳೆಯುವ ಗಡಿಯಾರದಂಥ ಯಂತ್ರವೊಂದನ್ನು ತಗುಲಿಸಿ, ಹವಾಮಾನ ಇಲಾಖೆಗೇ ಪೈಪೋಟಿ ಕೊಡುತ್ತಿದ್ದರು. ಅವರು ಹೇಳಿದ್ದು ನಿಜವಾದರೆ ಮನೆಯಲ್ಲಿ ಮೂರು ದಿನ ಅದೇ ಪುರಾಣ. ಸುಳ್ಳಾದರೆ ತಪ್ಪು ಗಾಳಿಯದು, ಅವರದಲ್ಲ.

ಮೊಮ್ಮಗಳು ಪ್ರೇರಣಾಗೆ ಗಾಳಿಯ ಹುಚ್ಚು ಹಿಡಿಸಿದವರೂ ಇವರೇ. ಮಗ, ಸೊಸೆ ಇಬ್ಬರೂ ಟಿ. ನಗರದ ಬ್ಯಾಂಕಿಗೆ ಹೋದರೆ ಸಂಜೆಯವರೆಗೆ ಹುಡುಗಿ ತಾತನ ವಶ. ಹತ್ತನೇ ವರ್ಷಕ್ಕೆ ಅವಳನ್ನು ಬಂದರಿನ ಹತ್ತಿರದ ಹಾಯಿದೋಣಿ ಕ್ಲಬ್ಬಿಗೆ ಸೇರಿಸಿದರು. ಒಬ್ಬರೇ ಕೂರುವಂಥ, ಸ್ನಾನದ ತೊಟ್ಟಿಗಿಂತ ತುಸು ದೊಡ್ಡ ದೋಣಿ. ಒಂದೇ ಹಾಯಿ, ಇಂಜಿನ್ ಇಲ್ಲ. ಹದಿನೈದು ತುಂಬಿದವರು ಅದನ್ನು ಓಡಿಸುವಂತಿಲ್ಲ, ಪ್ರೇರಣಾಗೆ ಇನ್ನು ಮೂರೇ ತಿಂಗಳಿಗೆ ಹದಿನೈದು. ಈ ಭಾನುವಾರದ ಪಂದ್ಯದಲ್ಲಿ ಮೊದಲ ಎರಡು ಸ್ಥಾನದೊಳಗೆ ಬಂದರೆ ಮುಂದಿನ ತಿಂಗಳ ರಾಷ್ಟ್ರೀಯ ಪಂದ್ಯಕ್ಕೆ ಹೋಗಬಹುದು. ಇಲ್ಲವಾದರೆ ಆ ಪುಟ್ಟ ದೋಣಿಗೆ ಇವತ್ತೇ ಕೊನೆಯ ನಮಸ್ಕಾರ.

ದಡ ಬಿಡುವ ಮೊದಲು ಅವಳು ತಾತನ ಕೈ ಹಿಡಿದುಕೊಂಡಳು. "ತಾತ, ಪ್ಲೀಸ್, ಎದುವುಂ ಸೊಲ್ಲಾದೀಂಗ, ಏನೂ ಹೇಳ್ಬೇಡಿ. ನೋಡೋರ ಬೋಟಲ್ಲಿ ಕೂತ್ಕೊಂಡು ಒಂದ್ ಮಾತೂ ಕೂಗ್ಬಾರ್ದು. ಹೊರಗಿನೋರು ಹೆಲ್ಪ್ ಮಾಡಿದ್ರೆ ನನ್ನ ಪ್ಲೇಸೇ ಹೋಗತ್ತೆ."

"ನಂಗೆ ರೂಲ್ಸ್ ಹೇಳ್ಕೊಡ್ತೀಯಾ? ಹಸಿರು ಬಾವುಟ ತೋರಿಸ್ದೆ ಒಂದು ಗಾಡೀನೂ ಬಿಟ್ಟೋನಲ್ಲ ನಾನು," ಎಂದರು ಕಮಲಾಕರ. ಆ ಕ್ಷಣಕ್ಕೆ ಅವರ ಮಾತು ನೂರಕ್ಕೆ ನೂರು ಪ್ರಾಮಾಣಿಕವಾಗಿತ್ತು.

ಮೇ ತಿಂಗಳ ಬೆಳಗು. ನೋಡುವವರಿಗೆಂದು ಬಿಟ್ಟಿದ್ದ ಮೋಟಾರು ದೋಣಿಯಲ್ಲಿ ಕಮಲಾಕರ ಅವರ ಪಕ್ಕ ಕುಳಿತಿದ್ದವನು ಪ್ರತಾಪ್, ಎದುರು ತಂಡದ ತರಬೇತುದಾರ, ಅಪ್ಪಟ ತಮಿಳಿನವನು. ಪಂದ್ಯ ಶುರುವಾದಾಗ ಪಶ್ಚಿಮದ ಒಣಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿತ್ತು. ಹನ್ನೊಂದು ದೋಣಿಗಳು ದಡವನ್ನು ಎಡಕ್ಕಿಟ್ಟುಕೊಂಡು ಉತ್ತರಕ್ಕೆ ಹೊರಟವು. ದೂರದಲ್ಲಿ ತೇಲುತ್ತಿದ್ದ ಕಿತ್ತಳೆ ಬಣ್ಣದ ಪೀಪಾಯಿ ಮುಟ್ಟಿದರೆ ಮುಗಿಯಿತು. ಪ್ರೇರಣಾ ನಾಲ್ಕನೆಯವಳಾಗಿ ಹೋಗುತ್ತಿದ್ದಳು, ಮುಂದಿನವರಿಗೂ ಅವಳಿಗೂ ಹೆಚ್ಚು ಅಂತರವಿರಲಿಲ್ಲ. ಕಮಲಾಕರ ಸೀಟಿನ ತುದಿಗೆ ಬಂದು ಕೂತಿದ್ದರು.

ಅರ್ಧ ದಾರಿಯಲ್ಲಿ ಗಾಳಿ ಸತ್ತಿತು. ಹಾಯಿಗಳು ಜೋತುಬಿದ್ದವು, ಕಡಲು ಎಣ್ಣೆ ಸವರಿದಂತೆ ನುಣ್ಣಗಾಯಿತು, ಬಿಸಿಲು ನೆತ್ತಿ ಸುಡತೊಡಗಿತು. ಹನ್ನೊಂದು ಮಕ್ಕಳೂ ಯಾವ ಕಡೆಯಿಂದ ಗಾಳಿ ಬಂದೀತೆಂದು ಕತ್ತು ತಿರುಗಿಸುತ್ತ ಕುಳಿತರು. ಮೊದಲು ಗಾಳಿ ಸಿಕ್ಕವರದೇ ಗೆಲುವು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಇಂಥ ಹೊತ್ತಿಗಾಗಿಯೇ ಕಮಲಾಕರ ಹುಟ್ಟಿದ್ದರು. ಅವರ ಕಣ್ಣು ಉತ್ತರಕ್ಕೆ ಓಡಿ, ಮಣಲಿಯ ಕಾರ್ಖಾನೆಗಳ ಎತ್ತರದ ಚಿಮಣಿಗಳ ಮೇಲೆ ನಿಂತಿತು. ಹೊಗೆ ಇನ್ನೂ ಕಡಲಿನ ಕಡೆಗೇ ವಾಲಿತ್ತು. ಅಂದರೆ ಪಶ್ಚಿಮದ ಗಾಳಿ ಸತ್ತಿಲ್ಲ. ದಡದ ಹತ್ತಿರ ಹೋದವರಿಗೆ ಅದು ಮೊದಲು ಸಿಗುತ್ತದೆ. ಲೆಕ್ಕ ಹಗಲಿನಷ್ಟು ಸ್ಪಷ್ಟವಾಗಿತ್ತು. ಮುಂದಿದ್ದ ಮೂರು ದೋಣಿಗಳು ಆಗಲೇ ಇದ್ದಬದ್ದ ಉಸಿರುಗಾಳಿಯಲ್ಲಿ ದಡದತ್ತ ತೆವಳತೊಡಗಿದ್ದವು. ಪ್ರೇರಣಾ ಮಾತ್ರ ದೋಣಿಯ ಮೂತಿಯನ್ನು ಬಲಕ್ಕೆ, ತೆರೆದ ಕಡಲಿನ ಕಡೆಗೆ ತಿರುಗಿಸುತ್ತಿದ್ದಳು.

ನಾಲ್ಕೈದು ವರ್ಷದ ದುಡಿಮೆ ಕಣ್ಣೆದುರೇ ನೀರುಪಾಲಾಗುತ್ತಿತ್ತು. ಆಗ ಅವರ ತಲೆಯಲ್ಲಿ ಒಂದು ಕಳ್ಳಬುದ್ಧಿ ಹೊಳೆಯಿತು. ಈ ನೀರಿನ ಮೇಲೆ ಕನ್ನಡ ಬಲ್ಲವರು ಇಬ್ಬರೇ. ಕೂಗಿದರೂ ಯಾರಿಗೆ ತಿಳಿಯುತ್ತದೆ? ಮೂವತ್ತಾರು ವರ್ಷ ನಿಯಮ ತಪ್ಪದ ಗಾರ್ಡ್ ಸಾಹೇಬರು ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟುಕೊಂಡು ಒಂದೇ ಉಸಿರಿಗೆ ಕೂಗಿಬಿಟ್ಟರು.

"ಪುಟ್ಟೀ, ದಡದ ಕಡೆ ತಿರುಗ್ಸು. ದಡದ ಕಡೆ."

ಪ್ರೇರಣಾ ತಲೆಯೆತ್ತಿ ನೋಡಿದಳು. ಕೇಳಿಸಿತ್ತು. ಆದರೆ ಮುಖ ತಿರುಗಿಸಿಕೊಂಡು ಚುಕ್ಕಾಣಿಯನ್ನು ಇನ್ನಷ್ಟು ಒತ್ತಿದಳು, ದೋಣಿ ಇನ್ನಷ್ಟು ಕಡಲಿಗೆ ಸರಿಯಿತು. ಕಮಲಾಕರ ಕುಸಿದು ಕೂತರು. ಹಟಮಾರಿ, ಥೇಟು ಅವಳ ಅಜ್ಜಿ, ಎಂದು ಮನಸ್ಸಿನಲ್ಲೇ ಬೈದುಕೊಂಡರು.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ದೂರದ ಕಡಲಿನ ಮೇಲೆ ಪೆನ್ಸಿಲಿನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ ಮೂಡಿತು. ಗೆರೆ ದಪ್ಪವಾಯಿತು, ಹತ್ತಿರ ಬಂತು. ಅದು ಗಾಳಿಗೆ ನೀರು ಸುಕ್ಕುಗಟ್ಟುತ್ತಿದ್ದ ಗುರುತು. ಎಲ್ಲರಿಗಿಂತ ಮೊದಲು ಅದು ತಲುಪಿದ್ದು ಪ್ರೇರಣಾಳನ್ನು. ಜೋತುಬಿದ್ದಿದ್ದ ಹಾಯಿ ಫಟ್ಟೆಂದು ಉಬ್ಬಿತು, ದೋಣಿ ಒಂದು ಪಕ್ಕಕ್ಕೆ ವಾಲಿತು, ಅವಳು ಅಂಚಿನಿಂದ ಹೊರಕ್ಕೆ ಬೆನ್ನು ಚಾಚಿ ಭಾರ ಸರಿದೂಗಿಸಿ ಹಗ್ಗ ಎಳೆದಳು, ಅಷ್ಟೇ. ಮುಂದಿದ್ದ ಮೂವರೂ ದಡದ ಬಳಿ ಸತ್ತ ನೀರಿನಲ್ಲಿ ಕಣ್ಣು ಬಾಯಿ ಬಿಟ್ಟು ನೋಡುತ್ತಿರುವಾಗಲೇ ಅವಳು ಅವರನ್ನು ದಾಟಿ ಹೋದಳು. ಕಮಲಾಕರ ತಾವು ಬೈದದ್ದನ್ನೆಲ್ಲ ಮರೆತು ಸೀಟಿನ ಮೇಲೆ ಹತ್ತಿ ನಿಂತುಬಿಟ್ಟರು. ದೋಣಿಯವನು ಅವರ ಪಂಚೆಯ ತುದಿ ಹಿಡಿದು ಕೆಳಗಿಳಿಸಬೇಕಾಯಿತು. ಪ್ರೇರಣಾ ಪೀಪಾಯಿಯನ್ನು ಮೊದಲನೆಯವಳಾಗಿ ಮುಟ್ಟಿದಾಗ ಅವರ ಕಣ್ಣಲ್ಲಿ ನೀರು ಬಂದಿತ್ತು.

ದಡಕ್ಕೆ ಬರುವಷ್ಟರಲ್ಲಿ ಪ್ರತಾಪ್ ದೂರು ಕೊಟ್ಟಾಗಿತ್ತು.

ಕ್ಲಬ್ಬಿನ ಸಣ್ಣ ಕೋಣೆಯಲ್ಲಿ ತೀರ್ಪುಗಾರ ಸಾಯಿ ಕೂತಿದ್ದರು, ನೌಕಾಪಡೆಯಲ್ಲಿ ಕೂದಲು ನರೆಸಿಕೊಂಡ ಮನುಷ್ಯ. ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಪ್ರತಾಪ್ ಹೇಳಿದ: "ಇವರ ಭಾಷೆ ನನಗೆ ಬರಲ್ಲ ಸಾರ್. ಆದ್ರೆ 'ತಿರುಗು' ಅನ್ನೋ ಥರ ಏನೋ ಕೇಳಿಸ್ತು. ತಮಿಳಲ್ಲೂ ಹೆಚ್ಚುಕಡಿಮೆ ಅದೇ ಮಾತಲ್ವಾ. ಅವ್ರು ಕೂಗಿದ್ರು, ಅವಳು ತಿರುಗಿದಳು, ಗೆದ್ದಳು."

ಸಾಯಿ ಪ್ರೇರಣಾಳನ್ನು ಕೇಳಿದರು. ಅವಳು ಮುಚ್ಚಿಡಲಿಲ್ಲ. "ದಡದ ಕಡೆ ಹೋಗು ಅಂದ್ರು ಸಾರ್. ನಾನು ಹೋಗ್ಲಿಲ್ಲ. ನಾನು ಹೋಗಿದ್ದು ಕಡಲಿನ ಕಡೆ."

"ಈಗ ಹಾಗೇ ಹೇಳ್ತಾರೆ," ಎಂದ ಪ್ರತಾಪ್. "ಈ ಅಜ್ಜನಿಗೆ ಗಾಳಿ ಅಂದ್ರೆ ಪ್ರಾಣ ಅಂತ ಕ್ಲಬ್ಬಲ್ಲಿ ಎಲ್ಲರಿಗೂ ಗೊತ್ತು. ಕಡಲ ಗಾಳಿ ಬರೋ ಹೊತ್ತಲ್ಲಿ ದಡಕ್ಕೆ ಹೋಗು ಅಂತ ಅವ್ರು ಹೇಳ್ತಾರಾ?"

ಎಲ್ಲರೂ ಕಮಲಾಕರ ಅವರ ಕಡೆ ತಿರುಗಿದರು. ಹುಷಾರು ಅಂತ ಕೂಗಿದೆ, ಎಂದುಬಿಡಬಹುದಿತ್ತು. ಆದರೆ ಮೊಮ್ಮಗಳು ಆಗಲೇ ನಿಜ ಹೇಳಿದ್ದಳು, ಅವಳನ್ನು ಸುಳ್ಳುಗಾತಿ ಮಾಡುವುದು ಅವರಿಂದಾಗುವ ಮಾತಲ್ಲ. ನಿಜ ಹೇಳಬೇಕೆಂದರೆ ಬಾಯಲ್ಲಿ ಎಂದೂ ಬಾರದ ಮಾತೊಂದು ಬರಬೇಕಿತ್ತು.

"ಕೂಗಿದ್ದು ನಿಜ. ಅದು ತಪ್ಪು. ದಡಕ್ಕೆ ಹೋಗು ಅಂತ ಕೂಗಿದ್ದೂ ನಿಜ. ಅದು ಇನ್ನೂ ದೊಡ್ಡ ತಪ್ಪು."

"ಯಾಕೆ ಹಾಗೆ ಹೇಳಿದ್ರಿ?" ಎಂದರು ಸಾಯಿ.

"ಮಣಲಿ ಚಿಮಣಿ ಹೊಗೆ ನೋಡ್ದೆ ಸಾರ್. ಕಡಲ ಕಡೆ ವಾಲಿತ್ತು. ಪಶ್ಚಿಮದ ಗಾಳಿ ಇನ್ನೂ ಇದೆ ಅಂದ್ಕೊಂಡೆ." ಅಲ್ಲಿಗೆ ನಿಂತರು. ಹುಬ್ಬು ಗಂಟಿಕ್ಕಿತು. ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಚಿಮಣಿ ಬರೆಯತೊಡಗಿತು. "ಇರಿ, ಇರಿ. ಆ ಚಿಮಣಿ ಎಷ್ಟೆತ್ತರ. ಹೊಗೆ ಬಿಸಿ, ಅದು ಇನ್ನೂ ಮೇಲಕ್ಕೆ ಹೋಗತ್ತೆ. ಅಲ್ಲಿ ಪಶ್ಚಿಮದ ಗಾಳಿ ಇದ್ದೇ ಇತ್ತು, ನಾನು ನೋಡಿದ್ದು ಸುಳ್ಳಲ್ಲ. ಆದ್ರೆ ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರಾಗಿ ಏರತ್ತೆ, ಒತ್ತಡ ಇಳಿಯತ್ತೆ, ಕಡಲಿನ ತಂಪುಗಾಳಿ ಭಾರ ಅಲ್ವಾ, ಆ ಜಾಗಕ್ಕೆ ನುಗ್ಗತ್ತೆ. ನುಗ್ಗೋದು ಎಲ್ಲಿಂದ? ಕೆಳಗಿಂದ. ನೀರಿಗೆ ಅಂಟ್ಕೊಂಡು. ಹುಟ್ಟಿದ ಹೊಸದ್ರಲ್ಲಿ ಅದಕ್ಕೆ ಎತ್ತರಾನೇ ಇರಲ್ಲ. ಅದೂ ಎದುರಿಗೆ ಪಶ್ಚಿಮದ ಗಾಳಿ ಇದ್ದ ದಿನ ಅದು ದಡದಲ್ಲಿ ಶುರುವಾಗಲ್ಲ, ಆಚೆ ಕಡಲಲ್ಲಿ ಶುರುವಾಗಿ ಆಮೇಲೆ ಈಚೆ ಬರತ್ತೆ. ನಾನು ಆಕಾಶದ ಗಾಳಿ ನೋಡಿ, ನೀರಿನ ಮೇಲೆ ಕೂತಿರೋ ಮಗುಗೆ ದಾರಿ ಹೇಳಿದೀನಿ. ಎಂಥಾ ದಡ್ಡತನ ನೋಡಿ."

ಅವರ ಕಣ್ಣು ಹೊಳೆಯುತ್ತಿತ್ತು. ತಾವು ಎಲ್ಲಿ ಎಡವಿದೆವು ಎಂಬುದು ಆ ಕೋಣೆಯಲ್ಲಿ ನಿಂತೇ ಹೊಳೆದಿತ್ತು, ಆ ಖುಷಿಯಲ್ಲಿ ಸೋಲಿನ ನಾಚಿಕೆ ನೆನಪಾಗಲೂ ಇಲ್ಲ. ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಚಿಮಣಿ, ದಡ, ಕಡಲು ಎಲ್ಲ ಬರೆದು ತಮ್ಮ ತಪ್ಪನ್ನು ಇನ್ನೊಮ್ಮೆ ಸಾದ್ಯಂತವಾಗಿ ವಿವರಿಸಿದರು. ಪ್ರತಾಪ್ ಕೂಡ ಬಗ್ಗಿ ನೋಡುತ್ತಿದ್ದ.

"ಅವಳು ನಿಮ್ಮ ಮಾತು ಕೇಳಿದ್ದಿದ್ರೆ?" ಎಂದು ಸಾಯಿ ಕೇಳಿದರು.

"ಎಂಟನೆಯವಳೋ ಒಂಬತ್ತನೆಯವಳೋ ಆಗ್ತಿದ್ಳು ಸಾರ್."

ಸಾಯಿ ಪೆನ್ನು ಕೆಳಗಿಟ್ಟು ಪ್ರತಾಪ್ ಕಡೆ ನೋಡಿದರು. "ಸುಳ್ಳು ಹೇಳೋರು ತಮ್ಮನ್ನ ಇಷ್ಟು ದಡ್ಡರನ್ನಾಗಿ ಮಾಡ್ಕೊಳ್ಳಲ್ಲಪ್ಪ." ಪ್ರತಾಪ್ ಒಪ್ಪಿ ತಲೆಯಾಡಿಸಿದ. ಸಹಾಯದಿಂದ ಲಾಭವಾಗಿಲ್ಲ, ಮೊದಲ ಸ್ಥಾನ ಪ್ರೇರಣಾಳದೇ, ಆದರೆ ಅವಳ ತಾತ ಇನ್ನು ಮುಂದೆ ಪಂದ್ಯದ ದಿನ ನೀರಿಗಿಳಿಯುವಂತಿಲ್ಲ ಎಂದು ತೀರ್ಪಾಯಿತು. ಕಮಲಾಕರ ಕೈಮುಗಿದು ಒಪ್ಪಿಕೊಂಡರು.

ಹೊರಗೆ ಕಡಲ ಗಾಳಿ ಜೋರಾಗಿ ಬೀಸುತ್ತಿತ್ತು, ಕ್ಲಬ್ಬಿನ ಬಾವುಟ ಊರಿನ ಕಡೆಗೆ ಪಟಪಟಿಸುತ್ತಿತ್ತು. ಇಬ್ಬರೂ ಆಟೋಗೆ ಕಾಯುತ್ತ ಗೇಟಿನ ಬಳಿ ನಿಂತರು. ಪ್ರೇರಣಾಳ ಕೂದಲಿನಿಂದ ಇನ್ನೂ ಉಪ್ಪುನೀರು ಸೋರುತ್ತಿತ್ತು. ತಾತನ ಮೇಲೆ ಸಿಟ್ಟು ಮಾಡಬೇಕೆಂದು ಅವಳು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ನಗು ಬಂತು.

"ಅಲ್ಲ ಪುಟ್ಟಿ," ಎಂದರು ಕಮಲಾಕರ, "ಗೆರೆ ಕಾಣೋಕ್ಕೂ ಮುಂಚೆನೇ ತಿರುಗಿಸ್ದೆ. ಗಾಳಿ ಆ ಕಡೆಯಿಂದ ಬರತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಅವಳು ಅವರ ಮುಖ ನೋಡಿದಳು. ತಮಾಷೆಗೆ ಕೇಳುತ್ತಿರಲಿಲ್ಲ. "ಆಚೆ ಲಂಗರು ಹಾಕಿದ್ದ ಮೀನು ದೋಣಿ ಇತ್ತಲ್ಲ ತಾತ, ಅದರ ಮೂತಿ ಇಷ್ಟು ಹೊತ್ತೂ ಊರಿನ ಕಡೆ ಇತ್ತು. ಮೆಲ್ಲಗೆ ಕಡಲಿನ ಕಡೆ ತಿರುಗ್ತು. ಗಾಳಿ ಬರೋ ದಿಕ್ಕಿಗೇ ಅಲ್ವಾ ಅದು ತಿರುಗೋದು."

ಕಮಲಾಕರ ಬಂದು ನಿಂತ ಆಟೋವನ್ನು ಕೈಸನ್ನೆಯಿಂದ ಕಳಿಸಿಬಿಟ್ಟರು.

"ಇನ್ನೊಂದ್ಸಲ ಹೇಳು," ಎಂದರು, "ನಿಧಾನಕ್ಕೆ."