ಸಾಬೀರ್ ಹಿಡಿದ ಸ್ಟೇಷನ್

ಬೈರಾಪಟ್ಟಣದ ಬಾಲರಾಜು ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾರಿನ ತಗಡು ಒತ್ತುವ ಯಂತ್ರ ನಡೆಸುತ್ತಿದ್ದ. ಹಳೆಯ ಇಂಗ್ಲಿಷ್ ರಾಕ್ ಹಾಡೆಂದರೆ ಅವನಿಗೆ ಪ್ರಾಣ. ಬೆಂಗಳೂರಿನ ಎಫ್‌ಎಂಗಳು ಅವೇ ನಾಲ್ಕು ಹಾಡುಗಳನ್ನು ಹಾಕಿ ಹಾಕಿ ಸವೆಸಿದ್ದವು. ಯಾರೂ ಹಾಕದ ಹಾಡುಗಳಿಗಾಗಿ ಅವನು ಏಳು ವರ್ಷ ಶಾರ್ಟ್‌ವೇವ್ ರೇಡಿಯೊದ ಮುಳ್ಳು ತಿರುಗಿಸಿದ್ದ.

೨೦೦೭ರ ಒಂದು ಭಾನುವಾರ ಮಧ್ಯಾಹ್ನ, ಚನ್ನಪಟ್ಟಣದಲ್ಲಿ ರೇಡಿಯೊ ರಿಪೇರಿ ಮಾಡುವ ಗೆಳೆಯ ಸಾಬೀರ್‌ಗೆ ಅಂಥ ಹಾಡು ಹಾಕುವ ವಿದೇಶಿ ಸ್ಟೇಷನ್ನೊಂದು ಸಿಕ್ಕಿತು. ಫೋನು ಮಾಡಿ ಬಾಲರಾಜುವನ್ನು ಅಂಗಡಿಗೆ ಕರೆಸಿಕೊಂಡ.

“ಕೇಳ್ಲಾ, ಗಿಟಾರ್ ಹೆಂಗೆ ಮೇಲಕ್ಕೋಯ್ತಾ ಐತೆ,” ಎಂದ.

ಬಾಲರಾಜುವಿಗೆ ಡ್ರಮ್ಮಿನ ಗುದ್ದು ಮಾತ್ರ ಕೇಳಿಸಿತು. ಸೌಂಡ್ ಜಾಸ್ತಿ ಮಾಡಿಸಿದ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಗಿಟಾರ್ ಅವನ ಕಿವಿಗೆ ಬೀಳಲೇ ಇಲ್ಲ.

ಸಾಬೀರ್ ಅವನ ಮುಖ ನೋಡಿ, ಹತ್ತಿರ ಬಂದು ಜೋರಾಗಿ ಕೇಳಿದ: “ಕಿವಿ ಡಾಕ್ಟರ್‌ಗೆ ತೋರ್ಸಿದ್ಯಾ?”

“ಹೋದ ತಿಂಗ್ಳೇ ತೋರ್ಸ್ದೆ. ಮಿಷನ್ ಸದ್ದಿಗೆ ನರ ಸತ್ತೋಗೈತಂತೆ, ಇನ್ನು ಸರಿಯಾಗಾಕಿಲ್ವಂತೆ. ಯಾರ್ಗೂ ಹೇಳ್ಬೇಡ ಕಣ್ಲಾ. ಗೊತ್ತಾದ್ರೆ ಕೆಲ್ಸದಿಂದ ತೆಗೆದ್ಬುಡ್ತಾರೆ.”

ಸಾಬೀರ್ ರೇಡಿಯೊ ಆರಿಸಲು ಹೋದ. ಬಾಲರಾಜು ಕೈ ಹಿಡಿದು ತಡೆದ.

“ಇರ್ಲಿ ಬುಡು. ಗಿಟಾರ್‌ನಾಗೆ ಏನು ಬಾರಿಸ್ತಾವ್ನೆ, ನೀನೇ ಒಸಿ ಹೇಳು.”

ಸಾಬೀರ್ ಬಾಯಿ ತೆರೆದ. ಆ ಹಾಡನ್ನು ಮಾತಿನಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಗಿಟಾರ್ ಮೇಲೇರಿದಂತೆಲ್ಲ ಕೈಯನ್ನು ಮೇಲಕ್ಕೆತ್ತಿ ತೋರಿಸತೊಡಗಿದ.